ಬಲಗಾಲಿನ ವಾಷರ್

ಮುರಿದದ್ದು ಎಡಗಾಲಿನ ಹರಡು, ಪಾದದ ಮೇಲಿನ ಕೀಲು. ಬಸವಲಿಂಗಪ್ಪ ವಾಷರ್ ಇಟ್ಟುಕೊಂಡು ಬಂದದ್ದು ಮಾತ್ರ ಬಲಗಾಲಿನ ಬೂಟಿನಲ್ಲಿ, ಹಿಮ್ಮಡಿಯ ಕೆಳಗೆ.

ಅವನ ಕಸುಬೇ ಅಂಥದ್ದು. ಉಪ್ಪಲ್ ಕಡೆಯ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷದಿಂದ ಆಳೆತ್ತರದ ಫ್ಯಾನುಗಳನ್ನು ತಿರುಗಿಸಿ, ಯಾವ ಬದಿ ಭಾರವಾಗಿ ಅದುರುತ್ತದೋ ನೋಡಿ, ಎದುರು ಬದಿಗೆ ತೂಕ ಕೂಡಿಸಿ ಸಮ ಮಾಡುವವನು. ದಿನವಿಡೀ ನಿಂತು ಮಾಡುವ ಕೆಲಸ. ದಿಲ್‌ಸುಖ್‌ನಗರದ ಮೆಟ್ರೊ ಮೆಟ್ಟಿಲ ಮೇಲೆ ಜಾರಿ ಬಿದ್ದು, ಹರಡಿಗೆ ಪ್ಲೇಟು, ಸ್ಕ್ರೂ ಕೂಡಿಸಿಕೊಂಡು ನಾಲ್ಕು ತಿಂಗಳಾಗಿತ್ತು. ಕೆಲಸಕ್ಕೆ ನಿಲ್ಲಬಲ್ಲ ಎಂಬ ಡಾಕ್ಟರ ಚೀಟಿಯನ್ನು ಸೋಮವಾರದೊಳಗೆ ಒಯ್ಯದಿದ್ದರೆ ಫ್ಯಾನು ತಿರುಗಿಸುವ ಮಷೀನು ಕಾಯಂ ಆಗಿ ಕಿರಿಯ ಮೋಹನನ ಪಾಲು. ಇವನಿಗೆ ಸ್ಟೋರಿನ ಕುರ್ಚಿ.

ಆಸ್ಪತ್ರೆಯ ಫಿಜಿಯೊ ಹುಡುಗಿ ತೇಜಸ್ವಿನಿ ಅವನ ಎರಡೂ ಕಾಲಿಗೆ ಬೆಂಕಿಪೊಟ್ಟಣದಷ್ಟು ಸೆನ್ಸರ್ ಇದ್ದ ಪಟ್ಟಿ ಬಿಗಿದಳು. ಅವಳ ತಾಯಿಯ ತವರು ರಾಯಚೂರು, ಹಾಗಾಗಿ ಈ ತೆಲುಗು ಊರಿನಲ್ಲೂ ಕನ್ನಡ ಸಲೀಸು.

"ಯಾವ ಕಾಲು ಎಷ್ಟೊತ್ತು ನೆಲದ ಮ್ಯಾಲೆ ನಿಂತತಿ ಅಂತ ಇದು ಹೇಳ್ತತ್ರಿ, ಕಾಕಾರ. ಎರಡೂ ಸಮಾ ನಿಂತ್ರ ನೂರು. ಹೋದ ಸಲ ಎಪ್ಪತ್ತೆಂಟು ಬಂದಿತ್ತು. ತೊಂಬತ್ತು ಬಂದ್ರ ಚೀಟಿ."

"ಬರ್ತೈತಿ ಬಿಡವ್ವಾ," ಎಂದ.

"ಮಾರಿ ಯಾಕ ಬೆವತೈತ್ರೀ?" ಬಾಗಿಲಲ್ಲಿ ನಿಂತಿದ್ದ ಹೆಂಡತಿ ಸುಭದ್ರಾ ಕೇಳಿದಳು.

"ನೀ ಸುಮ್ನ ಕುಂದರು."

ನಡೆದ. ಎಡಕ್ಕೆ ಸ್ಕ್ರೂ ಚುಚ್ಚಿತು, ಬಲಕ್ಕೆ ವಾಷರ್ ಒತ್ತಿತು. ಎಡಗಾಲು ಬೇಗ ಎದ್ದಂತೆ ಬಲಗಾಲೂ ಬೇಗ ಎದ್ದಿತು. ಹೋಗಿ, ತಿರುಗಿ, ಬಂದ. ಹಲ್ಲು ಕಚ್ಚಿ ಇನ್ನೊಂದು ಸುತ್ತು. ತೇಜಸ್ವಿನಿಯ ಕಣ್ಣು ಸ್ಕ್ರೀನಿನ ಮೇಲೆ. ಅವನ ಕಣ್ಣು ಅವಳ ಮುಖದ ಮೇಲೆ.

"ತೊಂಬತ್ನಾಲ್ಕು!"

ಸುಭದ್ರಾ ಕೈ ಮುಗಿದಳು. ಬಸವಲಿಂಗಪ್ಪ ಉಸಿರು ಬಿಡಬೇಕೆನ್ನುವಷ್ಟರಲ್ಲಿ ಹುಡುಗಿಯ ಹುಬ್ಬು ಗಂಟಿಕ್ಕಿತು. ಹೋದ ಸಲದ ಗೆರೆಗಳನ್ನು ಪಕ್ಕಕ್ಕೆ ತಂದು ನಿಲ್ಲಿಸಿದಳು.

"ಕಾಕಾರ, ಬಲಗಾಲಿಗೇನಾತು?"

"ಅದಕ್ಕೇನಾಗ್ತದ?"

"ಹೋದ ಸಲ ಒಂದ ಕಾಲು ಕುಂಟ್ತಿತ್ತು. ಈಗ ಎರಡೂ ಸಮಾ ಕುಂಟಾಕತ್ತಾವ. ಕೆಟ್ಟ ಕಾಲು ಸುಧಾರಿಸಿಲ್ಲ, ಚಲೋ ಕಾಲು ಕೆಟ್ಟೈತಿ. ಡಾಕ್ಟರ್ನ ಕರೀಲೇನು? ಎಕ್ಸ್‌ರೇ ಮಾಡಿಸೂಣು."

ಅವನು ಗೆರೆಗಳನ್ನು ನೋಡಿದ. ಜೀವಮಾನವೆಲ್ಲ ಇಂಥವೇ ಗೆರೆಗಳನ್ನು ಓದಿದವನು. ಬೇರಿಂಗ್ ಸವೆದ ಫ್ಯಾನಿಗೆ ಮೋಹನ ಒಮ್ಮೆ ತೂಕ ಕೂಡಿಸಿ ಸಮ ಮಾಡಿ ತೋರಿಸಿದ್ದಾಗ, "ಇದನ್ನ ಕಳಿಸಿದ್ರ ತಿಂಗಳದಾಗ ಒಡೀತದ, ಬಿಚ್ಚು!" ಎಂದು ಇಡೀ ಕಾರ್ಖಾನೆ ಕೇಳುವಂತೆ ಬೈದಿದ್ದ.

ಸ್ಟೂಲಿನ ಮೇಲೆ ಕೂತು ಬೂಟು ಬಿಚ್ಚಿ ವಾಷರನ್ನು ಮೇಜಿನ ಮೇಲಿಟ್ಟ.

"ಅಯ್ಯ ನಿಮ್ಮ!" ಸುಭದ್ರಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಮುರಿದ ಕಾಲಿಗೆ ಜೊತಿ ಬೇಕಾಗಿತ್ತೇನ್ರಿ?"

ತೇಜಸ್ವಿನಿ ನಗಲಿಲ್ಲ, ಬೈಯಲೂ ಇಲ್ಲ. ತೊಂಬತ್ನಾಲ್ಕನ್ನು ಅಳಿಸಿದಳು. "ಮತ್ತ ನಡೀರಿ."

ಈ ಸಲದ ಹತ್ತು ಹೆಜ್ಜೆ ಹತ್ತು ಹರದಾರಿಯಾಯಿತು. ನೋವಾದ ಕಡೆ ನೋವಾಗಲು ಬಿಟ್ಟ, ಕುಂಟಿದರೆ ಕುಂಟಲಿ ಎಂದುಕೊಂಡ. ಸ್ಕ್ರೀನಿನ ಕಡೆ ನೋಡಲಿಲ್ಲ.

"ಎಂಬತ್ತೇಳು," ಎಂದಳು ಅವಳು ಮೆಲ್ಲಗೆ. "ಚೀಟಿ ಕೊಡಾಕ ಬರೂದಿಲ್ರಿ."

ಬಸವಲಿಂಗಪ್ಪ ತಲೆಯೆತ್ತಿ ಕೋಣೆಯ ಫ್ಯಾನು ನೋಡಿದ. ಅದೂ ಕೊಂಚ ಅದುರುತ್ತಿತ್ತು.

"ಹೋದ ಸಲದ್ದು, ಈಗಿಂದು ಎರಡೂ ಒಂದ ಹಾಳಿ ಮ್ಯಾಲೆ ತೆಗೆದು ಕೊಡವ್ವಾ," ಎಂದ ಬಸವಲಿಂಗಪ್ಪ. "ಮೂರು ವಾರಕ್ಕ ಒಂಬತ್ತು ಏರೈತಿ. ಸೋಮವಾರ ಸಾಹೇಬರ ಮುಂದ ಇದನ್ನ ಇಡ್ತೀನಿ, ಇನ್ನೊಂದು ತಿಂಗಳು ಕೇಳ್ತೀನಿ. ಕೊಟ್ರ ಕೊಟ್ರು."

ಹೊರಗೆ ಬಂದವನೇ ಮೋಹನನಿಗೆ ಫೋನು ಹಚ್ಚಿದ.

"ನಾ ಬರೂತನಕ ಮಷೀನು ನೀನ ನಡಸು. ಆದ್ರ ಬಾಜೂಕ ನನ್ನ ಸ್ಟೂಲ್ ಐತೆಲ್ಲ, ಅದನ್ನ ಯಾರೂ ಎತ್ತಿ ಒಯ್ಯದಂಗ ನೋಡ್ಕೊ."