ನಾಲ್ಕು ಮೂಲೆಗೆ ನಾಲ್ಕು ಕುರಿ

ನಮ್ಮ ಮನೆಯಲ್ಲಿ ಒಂದು ಕೋಣೆ ಹೆಚ್ಚಿಗೆ ಇದೆ ಎಂದರೆ ಅಜ್ಜಂಪುರದಲ್ಲಿ ಯಾರೂ ನಂಬುವುದಿಲ್ಲ. ಯಾಕೆಂದರೆ ನನ್ನ ಹೊಲಿಗೆ ಮೆಷಿನ್ ಇದ್ದದ್ದು ನಡುಮನೆಯಲ್ಲಿ, ಓಡಾಡುವ ದಾರಿಗೆ ಅಡ್ಡವಾಗಿ. ಸ್ಕೂಲ್ ಯೂನಿಫಾರಂ ಹೊಲಿಯುವ ಕಾಲ ಬಂತೆಂದರೆ ಊಟಕ್ಕೆ ಕೂರುವವರು ಬಟ್ಟೆಯ ರಾಶಿ ಸರಿಸಿಕೊಂಡು ಕೂರಬೇಕು. ಮಗಳು ಇಂಚರಾಳ ಚಪಾತಿಯಲ್ಲಿ ಒಮ್ಮೊಮ್ಮೆ ನೀಲಿ ನೂಲು ಸಿಗುತ್ತಿತ್ತು. "ಅಮ್ಮಾ, ಇವತ್ತು ಕಾಲರ್ ಪಲ್ಯನಾ?" ಎಂದು ಕೇಳುತ್ತಿದ್ದಳು.

ಆ ಹೆಚ್ಚಿನ ಕೋಣೆ ಹಿತ್ತಿಲ ಕಡೆಗಿದೆ. ಮೊದಲು ಈರುಳ್ಳಿ ತುಂಬುತ್ತಿದ್ದೆವು. ಹೊಲ ಗುತ್ತಿಗೆಗೆ ಕೊಟ್ಟ ಮೇಲೆ ಈರುಳ್ಳಿ ಹೋಯಿತು, ಕೋಣೆ ಉಳಿಯಿತು. ನಾನು ಗುಡಿಸಿ, ಸುಣ್ಣ ಹೊಡೆಸಿ, ಕಿಟಕಿಯ ಪಕ್ಕ ಮೆಷಿನ್ ಎಲ್ಲಿ, ಕತ್ತರಿಸುವ ಮಣೆ ಎಲ್ಲಿ ಎಂದು ಮನಸ್ಸಿನಲ್ಲೇ ಗುರುತು ಹಾಕಿಕೊಂಡಿದ್ದೆ. ಅಷ್ಟರಲ್ಲಿ ನಮ್ಮ ಯಜಮಾನರು ಗುರುಮೂರ್ತಿಯವರು ಕಡೂರಿನಿಂದ ಲಗೇಜ್ ಆಟೋದಲ್ಲಿ ಎರಡು ಹಳೆಯ ಸ್ಪೀಕರ್ ಪೆಟ್ಟಿಗೆ ತಂದು ಅಲ್ಲಿಳಿಸಿದರು. ಒಂದೊಂದೂ ಇಂಚರಾಳಷ್ಟು ಎತ್ತರ.

ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ಬೆಳಗಿನಿಂದ ಸಂಜೆಯವರೆಗೆ ತಾಮ್ರದ ತಂತಿ ಸುತ್ತುವ ಮನುಷ್ಯ. ದಿನಕ್ಕೊಂದು ಗಳಿಗೆ ಹಾಡು ಕೇಳಲಿ ಪಾಪ ಎಂದು ಸುಮ್ಮನಾದೆ. ಹಾಡು ಹಾಕಿದರೆ ಅದೇನು ಹಾಡೋ, ಗಿರಣಿಯೋ! ಕೋಣೆ ಚಿಕ್ಕದು, ಸದ್ದು ದೊಡ್ಡದು. ಹಾಡುವವರ ಗಂಟಲು ಕೇಳುವ ಬದಲು ಬರೀ "ಗುಂಯ್". ಅಡುಗೆಮನೆಯ ಡಬ್ಬಿಗಳ ಮುಚ್ಚಳ ತಾವೇ ತಾಳ ಹಾಕತೊಡಗಿದವು.

"ದಪ್ಪ ಸದ್ದು ಗೋಡೆಗೆ ಹೊಡ್ದು ವಾಪಸ್ ಬತ್ತದೆ ಕಣೇ ತನುಜಾ," ಎಂದರು. "ಬಂದು ಮೂಲೆ ಮೂಲೇಲಿ ಗುಂಪು ಕಟ್ಕಂಡು ಕೂತ್ಕತ್ತದೆ. ಅದನ್ನ ಅಲ್ಲೇ ಹೀರ್ಕಳಕ್ಕೆ ಏನಾರ ಇಡ್ಬೇಕು. ಬಾಸ್ ಟ್ರ್ಯಾಪ್ ಅಂತಾರೆ."

"ಟ್ರ್ಯಾಪ್ ಅಂದ್ರೆ ಬೋನು. ಬೋನಿಗೆ ಏನಿಡ್ತೀರಿ, ಒಣಕೊಬ್ರಿನಾ?"

ಅಂಗಡಿಯಲ್ಲಿ ಸಿಗುವುದನ್ನು ಕೊಳ್ಳುವ ತಾಕತ್ತು ನಮಗಿಲ್ಲ. ಗಾಜಿನ ಉಣ್ಣೆ ತುಂಬಿ ತಾವೇ ಮಾಡುತ್ತೇನೆಂದರು. ಮೈಗೆ ತಾಗಿದರೆ ಕೆರೆಯುವ ಆ ವಸ್ತು ಮಗು ಇರುವ ಮನೆಗೆ ಬೇಡವೆಂದು ನಾನು ಹಟ ಹಿಡಿದೆ. "ಉಣ್ಣೆನೇ ಬೇಕಂದ್ರೆ ಗಾಜಿಂದ್ಯಾಕೆ? ಕುರಿಗೇನು ಬರಗಾಲನಾ?" ಎಂದು ಬಾಯಿತಪ್ಪಿ ಅಂದೆ. ಅದೇ ಮಾತನ್ನು ಅವರು ಹಿಡಿದುಕೊಂಡರು.

ಬುಕ್ಕಾಂಬುಧಿಯ ಈರಭದ್ರಪ್ಪ ಕೆರೆಯಂಗಳದಲ್ಲಿ ಕುರಿ ಮೇಯಿಸುವವನು. ಅವನ ಬೋರ್‌ವೆಲ್ ಮೋಟಾರು ವರ್ಷಕ್ಕೊಮ್ಮೆ ಸುಟ್ಟುಕೊಂಡು ನಮ್ಮ ಅಂಗಡಿಗೆ ಬರುತ್ತದೆ. ಕತ್ತರಿಸಿದ ಉಣ್ಣೆಯನ್ನು ಈಗ ಕೇಳುವವರಿಲ್ಲ. ಹಟ್ಟಿಯ ಮೂಲೆಯಲ್ಲಿ ಚೀಲಗಟ್ಟಲೆ ಬಿದ್ದಿತ್ತು. "ತಗೊಂಡೋಗಪ್ಪಾ, ನಂಗೂ ಜಾಗ ಆಯ್ತದೆ," ಎಂದು ತಾನೇ ಟೆಂಪೋಗೆ ಹಾಕಿಕೊಟ್ಟ.

ತೊಳೆಯಿರಿ ಎಂದೆ. "ತೊಳುದ್ರೆ ಉಂಡೆ ಕಟ್ಕಂಬಿಡ್ತದೆ, ಸದ್ದು ಹೀರಲ್ಲ," ಎಂದು ಬಿಸಿಲಿಗೆ ಹರಡಿ, ಕಸ ಕೊಡವಿ, ಬೇವಿನ ಸೊಪ್ಪು ಬೆರೆಸಿ ಮುಗಿಸಿದರು. ಕಬ್ಬಿಣದ ಬಳೆಗಳಿಗೆ ಅಡಿಕೆ ದಬ್ಬೆಗಳನ್ನು ಕಟ್ಟಿ, ನೆಲದಿಂದ ಸೂರಿನವರೆಗೆ ನಾಲ್ಕು ಮೂಲೆಗೂ ಉದ್ದನೆಯ ಪಂಜರ ಮಾಡಿ, ಅದರೊಳಗೆ ಉಣ್ಣೆ ತುಂಬಿದರು. ಗವಸು ಹೊಲಿದವಳು ನಾನೇ. ಯೂನಿಫಾರಂನಲ್ಲಿ ಉಳಿದ ನೀಲಿ ಚೌಕಳಿ ಬಟ್ಟೆ, ಎರಡು ಸಾಲು ಹೊಲಿಗೆ. ನಾಲ್ಕನ್ನೂ ನಿಲ್ಲಿಸಿದ ಮೇಲೆ ಕೋಣೆಯ ಮೂಲೆಗಳಲ್ಲಿ ನಾಲ್ಕು ಜನ ಹೈಸ್ಕೂಲ್ ಹುಡುಗರು ಶಿಕ್ಷೆಗೆ ನಿಂತಂತೆ ಕಂಡಿತು.

ಹಾಡು ಹಾಕಿದರು. ಇಲ್ಲವೆನ್ನಲಾರೆ, "ಗುಂಯ್" ಹೋಗಿತ್ತು. ಸದ್ದಿಗೆ ಇಸ್ತ್ರಿ ಹಾಕಿದ ಹಾಗಿತ್ತು. ಇವರ ಮುಖ ನೋಡಿ, ನನ್ನ ಮೆಷಿನ್‌ಗೆ ಇನ್ನು ಈ ಜನ್ಮದಲ್ಲಿ ಆ ಕೋಣೆ ಇಲ್ಲ ಎಂಬುದು ಖಾತ್ರಿಯಾಯಿತು.

ಇಷ್ಟೆಲ್ಲ ನಡೆಯುವಾಗ ನಮ್ಮತ್ತೆ ಗುರುಶಾಂತಮ್ಮನವರು ತರೀಕೆರೆಯಲ್ಲಿ ಮಗಳ ಬಾಣಂತನದಲ್ಲಿದ್ದರು. ಅವರು ವಾಪಸ್ ಬಂದಾಗ ಆಷಾಢ, ಮೂರು ಹೊತ್ತೂ ಜಿನುಗು. ಬೇಸಿಗೆಯಲ್ಲಿ ಸುಮ್ಮನಿದ್ದ ಉಣ್ಣೆ ತಂಡಿ ತಾಗಿದ್ದೇ ತಾನು ಯಾರ ಮೈಮೇಲೆ ಇದ್ದೆ ಎಂದು ನೆನಪಿಸಿಕೊಂಡಿತು. ಹಿತ್ತಿಲ ಕಡೆಯಿಂದ ಮೆಲ್ಲಗೆ ಕುರಿ ವಾಸನೆ ಹೊರಟಿತು.

ಅತ್ತೆ ಲಿಂಗಪೂಜೆ ಮಾಡದೆ ಹನಿ ನೀರು ಕುಡಿಯುವವರಲ್ಲ. ಈರುಳ್ಳಿ ಹೆಚ್ಚಿದ ಚಾಕುವಿನಿಂದ ಬಾಳೆಹಣ್ಣು ಕೊಯ್ದರೂ ಪತ್ತೆ ಹಚ್ಚುವ ಮೂಗು. ಆ ಮೂಗು ಎರಡನೆಯ ದಿನವೇ ಆ ಬಾಗಿಲ ಮುಂದೆ ನಿಂತಿತು. ಆಂಪ್ಲಿಫೈಯರ್ ಇದೆ ಎಂದು ಇವರು ಸದಾ ಬೀಗ ಹಾಕಿ ಕೀಲಿ ಜೇಬಿನಲ್ಲಿಟ್ಟುಕೊಳ್ಳುತ್ತಿದ್ದರು. ಸಂಜೆ ಬಂದವರೇ ಒಳಗೆ ಹೋಗಿ ಚಿಲಕ ಹಾಕಿಕೊಳ್ಳುವುದು, ಕಾಂಗ್ರೆಸ್ ಕಡಲೆಬೀಜ ಮೆಲ್ಲುತ್ತಾ ಹಾಡು ಕೇಳುವುದು, ಆಮೇಲೆ ಬಾಯಿ ಒರೆಸಿಕೊಳ್ಳುತ್ತಾ ಕಣ್ಣು ಅರೆಮುಚ್ಚಿ ಹೊರಗೆ ಬರುವುದು. ಒಂದು ದಿನ ಅಂಗಿಯ ತೋಳಿಗೆ ಕರಿ ಕೂದಲಿನ ಎಳೆಯೂ ಅಂಟಿತ್ತು.

ಅತ್ತೆ ನನ್ನನ್ನು ಅಡುಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿದರು.

"ತನುಜಾ, ಆ ಕೋಣೇಲಿ ಏನ್ ಮಾಡ್ತಾನೆ ಇವ್ನು?"

"ಹಾಡು ಕೇಳ್ತಾರತ್ತೆ."

"ಹಾಡು ಕೇಳಿದ್ರೆ ಬಾಯಿ ಯಾಕೆ ಒರುಸ್ಕತ್ತಾನೆ?"

ಇಷ್ಟೂ ದಿನದಲ್ಲಿ ನನ್ನ ಕಿವಿಗೆ ಬಿದ್ದ ಒಳ್ಳೆಯ ಪ್ರಶ್ನೆ ಅದೊಂದೇ. ಉಣ್ಣೆ ಅತ್ತೆ, ಕುರಿ ಉಣ್ಣೆ, ಎಂದು ಒಂದು ಮಾತು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಕಿಟಕಿಯ ಪಕ್ಕದ ಬೆಳಕು, ಅಗಲ ಮಣೆ, ನೂಲಿಲ್ಲದ ಚಪಾತಿ ಎಲ್ಲ ಕಣ್ಣ ಮುಂದೆ ಬಂದವು. ಕೋಣೆ ಖಾಲಿಯಾಗಬೇಕಾದರೆ ಅದನ್ನು ಮಾಡಿಸಬಲ್ಲ ಒಬ್ಬರೇ ವ್ಯಕ್ತಿ ಈಗ ನನ್ನೆದುರು ನಿಂತಿದ್ದರು.

"ನಂಗೇನ್ ಗೊತ್ತತ್ತೆ," ಎಂದೆ. "ಚಿಲಕ ಹಾಕ್ಕೊಂಡಿರ್ತಾರಲ್ಲ."

ಅತ್ತೆಗೆ ಮಗನನ್ನು ನೇರ ಕೇಳಲು ಸಾಧ್ಯವೇ ಇರಲಿಲ್ಲ. ಮಾಂಸ ಎಂಬ ಮಾತು ಅವರ ಬಾಯಲ್ಲಿ ಹುಟ್ಟಿದಾರಭ್ಯ ಬಂದಿಲ್ಲ. ಬದಲಿಗೆ ಬೆಳಿಗ್ಗೆ ಇವರ ಹಣೆಗೆ ಬಳಿಯುವ ವಿಭೂತಿಯ ಪಟ್ಟೆ ದಪ್ಪವಾಯಿತು. ಇವರು ನೀರಿನ ಬಿಂದಿಗೆ ಮುಟ್ಟಿದರೆ ಹಿಂದೆಯೇ ಹೋಗಿ ಹುಣಸೆಹಣ್ಣು ಹಾಕಿ ತಿಕ್ಕತೊಡಗಿದರು. "ಅಮ್ಮಂಗೆ ನನ್ನ ಹಾಡು ಹಿಡುಸ್ತಿಲ್ಲ ಅನ್ಸುತ್ತೆ," ಎಂದು ಇವರು ಪೇಚಾಡಿದರು. ಅದೇ ವಾರ ಈರಭದ್ರಪ್ಪ ಬೇರೆ ಒಂದು ಗೋಣಿಚೀಲ ಹೊತ್ತುಕೊಂಡು ಹಿತ್ತಿಲ ಬಾಗಿಲಿಗೆ ಬಂದ. ಉಳಿದಿದ್ದ ಉಣ್ಣೆ. "ಗುರುಮೂರ್ತಣ್ಣಂಗೆ ಕೊಡಿ, ಹೋದ್ಸಲದ್ಕಿಂತ ಇದು ಎಳೇದು, ಬಲು ಮೆತ್ತಗಿದೆ ಅನ್ನಿ," ಎಂದ. ಕಂಬದ ಮರೆಯಲ್ಲಿ ಜಪಮಣಿ ಎಣಿಸುತ್ತಿದ್ದ ಅತ್ತೆ "ಶಿವಶಿವಾ" ಎಂದು ಮೂಗು ಮುಚ್ಚಿಕೊಂಡರು.

ನಾನು ಸೆರಗು ಬಾಯಿಗಿಟ್ಟುಕೊಂಡು ಹಿತ್ತಿಲಿಗೆ ಓಡಿದೆ. ಅತ್ತೆ ಅದನ್ನು ಅಳು ಎಂದುಕೊಂಡರು.

ಆದರೆ ಎಣಿಕೆ ಉಲ್ಟಾ ಹೊಡೆಯಿತು. ಕೋಣೆ ಖಾಲಿ ಮಾಡಿಸುವ ಬದಲು ಅತ್ತೆ ತಪ್ಪಿನ ಬೇರು ಹುಡುಕಿದರು. ಅದು ನನ್ನ ಒಲೆಯ ಮೇಲೆ ಸಿಕ್ಕಿತು.

"ದಿನಾ ಅದೇ ನೀರುಸಾರು, ಅದೇ ಉಪ್ಪಿಟ್ಟು. ಹೊಲಿಗೆ ಹೊಲಿಗೆ ಅಂತ ಸಾಯ್ತೀಯ. ದುಡ್ಯೋ ಗಂಡಸಿಗೆ ನಾಲಿಗೆ ಕೆಟ್ಟೋದ್ರೆ ಎಲ್ಲೋಗ್ತಾನೆ? ನಾಳಿಂದ ಸರ್ಯಾಗಿ ಬೇಯ್ಸಿ ಹಾಕು."

ಮಾರನೆಯ ದಿನ ಒಬ್ಬಟ್ಟು. ಅದರ ಮಾರನೆಯ ದಿನ ಎಣ್ಣೆಗಾಯಿ, ಅಕ್ಕಿರೊಟ್ಟಿ. ಆಮೇಲೆ ಕಡುಬು, ಆಮೇಲೆ ಒಣ ಅವರೆಕಾಳು ನೆನೆಸಿ ಹಿಸುಕಿದ ಸಾರು. ನಾನು ಬೆಳಿಗ್ಗೆ ಹೂರಣ ರುಬ್ಬಿ, ಮಧ್ಯಾಹ್ನ ಚಡ್ಡಿ ಹೊಲಿದು, ಸಂಜೆ ಮತ್ತೆ ಒಲೆ ಮುಂದೆ ನಿಂತೆ. ನಮ್ಮ ಯಜಮಾನರು ಎರಡೆರಡು ಸಲ ಹಾಕಿಸಿಕೊಂಡು, "ಏನೇ, ಏನ್ ವಿಶೇಷ?" ಎನ್ನುತ್ತಾ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡರು. ಉಂಡ ಮೇಲೂ ಒಳಗೆ ಹೋದನಲ್ಲ ಎಂದು ಅತ್ತೆ ಹಣೆ ಚಚ್ಚಿಕೊಂಡರು. ಇಂಚರಾಗೆ ಮಾತ್ರ ಇಂಥ ಆಷಾಢ ಪ್ರತಿ ತಿಂಗಳೂ ಬರಲಿ ಎನಿಸಿತ್ತು.

ಈಗ ಸತ್ಯ ಹೇಳಿದರೆ ನನ್ನ ತಲೆ ಹೋಗುತ್ತದೆ, ಹೇಳದಿದ್ದರೆ ಸೊಂಟ ಹೋಗುತ್ತದೆ. ಸೊಂಟವೇ ಹೋಗಲಿ ಎಂದು ಕಾದೆ.

ಸೋಮವಾರ ಸಂಜೆ ಅತ್ತೆ ನಮ್ಮ ಮನೆತನದ ಅಯ್ಯನವರಾದ ಮಲ್ಲಿಕಾರ್ಜುನಯ್ಯನವರನ್ನು ಕರೆಸಿದರು. ಹಬ್ಬಹರಿದಿನಕ್ಕೆ ಬಂದು ಪಾದಪೂಜೆ ಮಾಡಿಸಿಕೊಂಡು ಹೋಗುವ ಹಿರಿಯರು. ವಾಡಿಕೆಯಂತೆ ಅವರಿಗೆಂದು ತೆಗೆದಿಟ್ಟ ಕರಿ ಕಂಬಳಿಯನ್ನು ಅತ್ತೆ ಪೆಟ್ಟಿಗೆಯಿಂದ ತೆಗೆದು ಹಾಸಿದರು. ಅಯ್ಯನವರು ಮಳೆಯಲ್ಲಿ ನೆನೆದೇ ಬಂದಿದ್ದರು. ಕಂಬಳಿಯ ಮೇಲೆ ಕೂತು, ಅತ್ತೆ ಪಿಸುಗುಟ್ಟಿದ್ದನ್ನೆಲ್ಲ ಗಂಭೀರವಾಗಿ ಕೇಳಿ, ಎದ್ದು ನೇರ ಹಿತ್ತಿಲ ಕೋಣೆಯ ಬಾಗಿಲು ಬಡಿದರು.

"ಗುರುಮೂರ್ತಿ, ಬಾಗ್ಲು ತೆಗಿಯಪ್ಪಾ."

ಬಾಗಿಲು ತೆರೆಯಿತು. ಇಷ್ಟು ದಿನಕ್ಕೆ ಒಬ್ಬರಾದರೂ ಹಾಡು ಕೇಳಲು ಬಂದರಲ್ಲ ಎಂದು ಇವರ ಮುಖ ಅರಳಿತು. "ಬನ್ನಿ ಬುದ್ಧಿ, ಇಲ್ಲಿ ಕೂತ್ಕಳಿ, ಇದೇ ಸರಿಯಾದ ಜಾಗ," ಎಂದು ಕುರ್ಚಿಯನ್ನು ಅರ್ಧ ಅಂಗುಲ ಹಿಂದಕ್ಕೆ ಎಳೆದು ಕೂರಿಸಿ, ಒಂದು ವಚನ ಗಾಯನ ಹಾಕಿದರು. ಹೊಸ್ತಿಲಾಚೆ ಅತ್ತೆ ವಿಭೂತಿಗಟ್ಟಿ ಹಿಡಿದು ಕಣ್ಣು ಮುಚ್ಚಿಕೊಂಡು ನಿಂತಿದ್ದರು. ಅವರ ಹಿಂದೆ ನಾನು.

ವಚನ ಮುಗಿಯಿತು. ಅಯ್ಯನವರು ಏಳಲಿಲ್ಲ. "ಇನ್ನೊಂದು ಹಾಕು," ಎಂದರು. ಅದೂ ಮುಗಿಯಿತು. ಆಮೇಲೆ ಮೂಗೆಳೆದರು. ಎದ್ದು ಒಂದು ಮೂಲೆಗೆ ಹೋಗಿ ಚೌಕಳಿ ಕಂಬವನ್ನು ಮೂಸಿದರು, ಒತ್ತಿದರು. ಇವರು ಸಂಭ್ರಮದಿಂದ ಒಂದು ಹೊಲಿಗೆ ಬಿಚ್ಚಿ ಒಳಗಿನ ಉಣ್ಣೆ ಹಿರಿದು ತೋರಿಸಿದರು.

"ತಾಯಿ," ಎಂದು ಅಯ್ಯನವರು ಕೂಗಿದರು, "ಆ ಕಂಬಳಿ ತಗಂಡು ಒಳಗ್ ಬಾ."

ಅತ್ತೆ ಕಾಲು ಎತ್ತಿ ಎತ್ತಿ ಇಡುತ್ತಾ ಬಂದರು.

"ಮೂಸು."

"ಏನ್ ಬುದ್ಧಿ?"

"ಕಂಬಳಿ ಮೂಸು. ಈಗ ಈ ಕಂಬ ಮೂಸು."

ಅತ್ತೆ ಕಂಬಳಿ ಮೂಸಿದರು, ಕಂಬ ಮೂಸಿದರು, ಮತ್ತೆ ಕಂಬಳಿ ಮೂಸಿದರು. ಜಾತ್ರೆಯಲ್ಲಿ ಎರಡು ಸೀರೆ ಹಿಡಿದು ಯಾವುದನ್ನು ಕೊಳ್ಳಲಿ ಎಂದು ತಿಳಿಯದವರ ಹಾಗಿದ್ದರು.

"ನಾನು ನಿಮ್ಮನೆಗೆ ಕಾಲಿಟ್ಟಾಗಿಂದ ಕುರಿ ಉಣ್ಣೆ ಮೇಲೇ ಕೂರಿಸಿ ಪಾದ ತೊಳ್ದಿದ್ದೀಯಲ್ಲ ತಾಯಿ. ಆಗ ಬರ್ದೇ ಇದ್ದ ವಾಸನೆ ಈಗ ಬಂತಾ?"

ನಮ್ಮ ಯಜಮಾನರಿಗೆ ಆಗ ತಾನೆ ವಿಷಯ ಇಳಿಯಿತು. "ಅಮ್ಮಾ! ನಾನು... ಇಲ್ಲಿ ಕೂತು... ಅದನ್ನ?" ಎಂದು ಜೇಬಿನಿಂದ ಕಡಲೆಬೀಜದ ಪೊಟ್ಟಣ ತೆಗೆದು ತೋರಿಸಿದರು. ಅತ್ತೆ ಅದನ್ನು ಕಸಿದು, ಒಂದು ಬೀಜ ಬಾಯಿಗೆ ಹಾಕಿಕೊಂಡು ಪರೀಕ್ಷೆ ಮಾಡಿದರು. ಆಮೇಲೆ ಅವರ ಕಣ್ಣು ಕಂಬದ ನೀಲಿ ಚೌಕಳಿಯ ಮೇಲೆ ಬಿತ್ತು. ಎರಡು ಸಾಲು ಹೊಲಿಗೆಯ ಮೇಲೆ ಬೆರಳಾಡಿಸಿದರು. ತಿರುಗಿ ನನ್ನನ್ನು ನೋಡಿದರು.

"ಇದು ನಿನ್ನ ಹೊಲಿಗೆ."

"ಹೌದತ್ತೆ."

"ಒಳಗೆ ಏನಿದೆ ಅಂತ ಗೊತ್ತಿತ್ತು."

"ಒಳಗೆ ಏನ್ *ಮಾಡ್ತಾರೆ* ಅಂತ ತಾನೆ ನೀವು ಕೇಳಿದ್ದು?"

"ಅಯ್ಯೋ ಮಾಟಗಾತಿ! ಒಬ್ಬಟ್ಟು ಮಾಡುವಾಗ್ಲೂ ಬಾಯಿ ಬಿಡ್ಲಿಲ್ವಲ್ಲೇ!"

"ಒಬ್ಬಟ್ಟು ಚೆನ್ನಾಗಿತ್ತು," ಎಂದರು ಇವರು. ಯಾರೂ ಕೇಳಿರಲಿಲ್ಲ.

ನನ್ನ ಗತಿ ಅಲ್ಲೇ ತೀರ್ಮಾನವಾಗುತ್ತಿತ್ತೇನೋ. ಆದರೆ ಅಯ್ಯನವರು ಇನ್ನೂ ಕಂಬ ಒತ್ತುತ್ತಾ ನಿಂತಿದ್ದರು. "ಗುರುಮೂರ್ತಿ, ನಮ್ಮ ಮಠದ ಹಾಲ್‌ನಲ್ಲಿ ಮೈಕ್ ಹಾಕಿದ್ರೆ ಬರೀ ಗುಂಯ್ ಅಂತದಪ್ಪ. ಹೋದ ಶ್ರಾವಣ ಇಡೀ ಪ್ರವಚನ ಒಬ್ರಿಗೂ ಒಂದಕ್ಷರ ತಿಳೀಲಿಲ್ಲ. ಎಲ್ರೂ ಬಂದು ಬಲು ಚೆನ್ನಾಗಿತ್ತು ಅಂದ್ರು. ಇಂಥವು ಅಲ್ಲಿಗೂ ಆಗ್ತವಾ?"

"ಆಗ್ತವೆ ಬುದ್ಧಿ. ದೊಡ್ಡವು ಬೇಕಾಗ್ತವೆ. ಉಣ್ಣೆ ಈರಭದ್ರಪ್ಪ ಕೊಡ್ತಾನೆ. ಗವಸು..." ಎಂದು ಇವರು ನನ್ನತ್ತ ನೋಡಿದರು.

ನಾನು ಸೆರಗು ಹೊದ್ದು ಬಹಳ ವಿನಯದಿಂದ, "ಮಠದ್ದು ಅಂದ್ರೆ ಹೊಲೀದೇ ಇರ್ತೀನಾ ಬುದ್ಧಿ. ಆದ್ರೆ ಮೆಷಿನ್ ನಡುಮನೇಲಿದೆ. ಊಟ, ತಿಂಡಿ, ಎಂಜಲು ಎಲ್ಲ ಅಲ್ಲೇ," ಎಂದೆ. ಅಷ್ಟೇ ಹೇಳಿದೆ. ಉಳಿದದ್ದನ್ನು ಅತ್ತೆಯ ಮಡಿಗೆ ಬಿಟ್ಟೆ.

"ಮಠದ ಬಟ್ಟೇನ ಎಂಜಲು ತಟ್ಟೆ ಪಕ್ಕ ಹೊಲಿಯಕಾಯ್ತದಾ?" ಎಂದು ಅತ್ತೆ ಸಿಡಿದರು. "ಗುರುಮೂರ್ತಿ, ಮೆಷಿನ್ ತಂದು ಈ ಕೋಣೇಲಿ ಇಕ್ಕು. ಈಗ್ಲೇ."

"ಅಮ್ಮಾ, ನನ್ನ ಸ್ಪೀಕರ್?"

"ಅವೆರಡೂ ಗೋಡೆಗೊತ್ಕಂಡು ಇರ್ಲಿ ಬಿಡು. ಸಂಜೆ ಅವ್ಳು ಎದ್ಮೇಲೆ ಹಾಡು ಕೇಳು. ಬಾಗ್ಲು ತೆಗ್ದಿಟ್ಕಂಡು ಕೇಳು."

ಗೋಡೆಗೊತ್ತಿದರೆ ಮತ್ತೆ ಗುಂಯ್ ಎನ್ನುತ್ತದೆ ಎಂದು ಇವರು ಗೊಣಗಿದ್ದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಅಯ್ಯನವರ ಎದುರೇ ಮೆಷಿನ್ ಕಿಟಕಿಯ ಪಕ್ಕಕ್ಕೆ ಬಂತು, ನಾನು ಗುರುತು ಹಾಕಿಕೊಂಡ ಜಾಗಕ್ಕೇ.

ಶ್ರಾವಣ ಹುಟ್ಟಿದೆ, ಇವತ್ತು ಮಠದ ಗವಸುಗಳಲ್ಲಿ ಕೊನೆಯದು ಬಾಕಿ ಇದೆ. ನಾಲ್ಕು ಮೂಲೆಯ ಕುರಿಗಳು ನನ್ನ ಮೆಷಿನ್ನಿನ ಕಟಕಟವನ್ನೂ ಸ್ವಲ್ಪ ಹೀರಿಕೊಳ್ಳುತ್ತವೆ, ತಲೆನೋವು ಕಡಿಮೆಯಾಗಿದೆ. ವಾಸನೆಗೆ ಮೂಗು ಒಗ್ಗಿದೆ. ಇಂಚರಾ ನಡುಮನೆಯಲ್ಲಿ ಕಾಲು ಚಾಚಿ ಓದುತ್ತಾಳೆ. ಮಠದ ಕೆಲಸ ಮುಗಿದ ಕೂಡಲೇ ಮೆಷಿನ್ ಹೊರಗೆ ಸಾಗಿಸುವುದೆಂದು ನಮ್ಮ ಯಜಮಾನರು ದಿನವೂ ಬಂದು ಎಷ್ಟು ಉಳಿಯಿತು ಎಂದು ಇಣುಕುತ್ತಾರೆ.

ಅದಕ್ಕೇ ನಿನ್ನೆ ಅಯ್ಯನವರು ಬಂದಾಗ ಕಾಫಿ ಕೊಡುತ್ತಾ ಅಂದೆ: "ಬುದ್ಧಿ, ಮೊನ್ನೆ ಅಮೃತಾಪುರದಲ್ಲಿ ಒಂದು ಮದುವೆಗೆ ಹೋಗಿದ್ದೆ. ಆ ಹಾಲ್‌ನಲ್ಲಂತೂ ಮಂತ್ರ ಒಂದೂ ಕಿವಿಗೆ ಬೀಳಲ್ಲ. ಆ ಕಡೆಯೋರು ನಿಮ್ಮ ಮಾತು ಕೇಳ್ತಾರಲ್ವಾ?"

"ಹೌದಾ? ಹೇಳೋಣಂತೆ ತಾಯಿ," ಎಂದರು ಅವರು.

ಅತ್ತೆ ಮೂಲೆಯಲ್ಲಿ ಕೂತು ನನ್ನನ್ನೇ ನೋಡುತ್ತಿದ್ದರು. ಬೈಯಲಿಲ್ಲ. ಅವರ ಬಾಯಲ್ಲಿ ಕಡಲೆಬೀಜ ಇತ್ತು. ನಾನು ಹಿತ್ತಿಲಿಗೆ ಹೋಗಿ ಈರಭದ್ರಪ್ಪನಿಗೆ ಫೋನ್ ಮಾಡಿ, ಮುಂದಿನ ಸಲ ಉಣ್ಣೆ ಕತ್ತರಿಸಿದಾಗ ಒಂದೆಳೆಯನ್ನೂ ಎಸೆಯಬೇಡ ಎಂದು ಹೇಳಿದೆ.