ಬೆನ್ನಿಗೆ ಬೀಳುವ ಕಲ್ಲು

ಇದು ದಪ್ಪವಾಯಿತು, ಪೆಟ್ಟಾಗುತ್ತದೆ, ಇದು ತೀರಾ ಹಗುರ, ಬಿದ್ದದ್ದೇ ಗೊತ್ತಾಗುವುದಿಲ್ಲ — ಹಿತ್ತಲ ಮೆಟ್ಟಿಲ ಮೇಲೆ ಕುಕ್ಕರಗಾಲಲ್ಲಿ ಕೂತು ಅವಳು ಜಲ್ಲಿಕಲ್ಲು ಆರಿಸುತ್ತಿದ್ದಾಳೆ, ಚೂಪು ಮೂಲೆಯವನ್ನು ಬದಿಗೆ ಸರಿಸಿ ಗೋಲಿಗಿಂತ ತುಸು ದೊಡ್ಡವನ್ನು ಚೀಲಕ್ಕೆ ಹಾಕುತ್ತ, ಸದ್ದಿಲ್ಲದೆ, ಸದ್ದಾದರೂ ಈ ಮನೆಯಲ್ಲಿ ಅದು ಯಾರಿಗೆ ಬೇಕು, ಒಳಗೆ ಅಮ್ಮ ಬೇಕೆಂದೇ ಪಾತ್ರೆ ಕುಕ್ಕಿದರೂ ಅಪ್ಪ ತಲೆ ಎತ್ತದೆ ಚಹಾ ಹೀರುತ್ತಾನೆ. ಅಪ್ಪನ ಕೆಲಸ ರೈಲು ಹಳಿ ನೋಡುವುದು. ದಿನಾ ಬೆಳಿಗ್ಗೆ ಗೇಟಿನಿಂದ ಸೇತುವೆಯವರೆಗೆ ನಡೆಯುತ್ತ ಹಳಿಯ ಕೊಂಡಿಗಳಿಗೆ, ಬೆಸುಗೆಗಳಿಗೆ ಸುತ್ತಿಗೆ ತಟ್ಟಬೇಕು, ಠಣ್ ಎಂದರೆ ಸರಿ, ದಬ್ ಎಂದರೆ ಎಲ್ಲೋ ಸಡಿಲ, ಎಲ್ಲೋ ಬಿರುಕು, ಆಗ ಕಂಕುಳಲ್ಲಿರುವ ಕೆಂಪು ಬಾವುಟ ಬಿಚ್ಚಿ ಗಾಡಿ ನಿಲ್ಲಿಸಬೇಕು — ಅಂಥವನ ಕಿವಿಯೇ ಹೋಗಿದೆ. ಮೊದಲು ಎಡಗಿವಿ, ಆಮೇಲೆ ಬಲದ್ದು. ಹಿಂದಿನಿಂದ ಬಂದ ಗಾಡಿ ಅಂಗಿಯ ತುದಿ ಸವರಿಕೊಂಡು ಹೋದ ದಿನ ಅಪ್ಪ ಮನೆಗೆ ಬಂದು ಗೋಡೆ ನೋಡುತ್ತ ಕೂತ, ಮರುದಿನದಿಂದ ಅವಳ ಸ್ಕೂಲು ನಿಂತಿತು. ನೀನು ಹಿಂದೆ ಬಾ, ಅಂದ ಅಪ್ಪ, ಸೌದೆ ಆಯೋಳ ಹಾಗೆ ಬಾ, ಗಾಡಿ ಬಂದ್ರೆ ಬೆನ್ನಿಗೊಂದು ಕಲ್ಲು ಹೊಡಿ, ನಾನು ಪಕ್ಕಕ್ಕೆ ಹೋಗ್ತೀನಿ, ತಿರುಗಿ ಮಾತ್ರ ನೋಡಲ್ಲ, ನೋಡಿದ್ರೆ ಜನಕ್ಕೆ ಅನುಮಾನ ಬರುತ್ತೆ. ಅಪ್ಪನ ಬೆನ್ನಿಗೆ ಕಲ್ಲು ಹೊಡಿಯೋದೇನಪ್ಪಾ ಅಂದಿದ್ದಳು ಅವಳು. ಅಪ್ಪ ಅವಳ ತುಟಿ ನೋಡಿ ನಕ್ಕಿದ್ದ, ಬೇರೆ ಮಕ್ಕಳಿಗೆ ಸಿಗದ ಭಾಗ್ಯ ಕಣೇ, ಹೊಡಿ.

ಗೇಟಿನವನು ಇವತ್ತೂ ಕೆಣಕದೆ ಬಿಡಲಿಲ್ಲ, ಏನಮ್ಮಾ ಬಾಲ, ಮುಂದೆ ಅಪ್ಪ ಹಿಂದೆ ನೀನು, ಯಾವಾಗ ನೋಡಿದ್ರೂ ಸೌದೆ ಆಯ್ತೀಯ, ಊರಿಗೆಲ್ಲ ಅಡುಗೆ ಮಾಡ್ತೀರೇನು — ಅವಳು ಚಪ್ಪಲಿ ನೋಡಿಕೊಂಡು ದಾಟುತ್ತಾಳೆ, ನಿನ್ನ ದನಿ ಕೇಳ್ಬೇಕಂದ್ರೆ ಪಕ್ಕದ ಮನೆಯಿಂದ ಕಿವಿ ಸಾಲ ತರ್ಬೇಕು ಅನ್ನುತ್ತಾಳೆ ಮನೆಯಲ್ಲಿ ಅಮ್ಮ. ದನಿಯಿಲ್ಲದ ಮಗಳು, ಕಿವಿಯಿಲ್ಲದ ಅಪ್ಪ, ಒಳ್ಳೆ ಜೋಡಿ. ರೈಲ್ವೆ ಆಸ್ಪತ್ರೆಯ ಕಿವಿ ಪರೀಕ್ಷೆಯಲ್ಲೂ ಅಷ್ಟೇ ಅಲ್ಲವೇ, ಡಾಕ್ಟರು ಬೆನ್ನ ಹಿಂದೆ ನಿಂತು ಪಿಸುಗುಟ್ಟಿದ ಮಾತನ್ನು ಎದುರಿನ ಬಾಗಿಲಲ್ಲಿ ನಿಂತ ಅವಳು ಬರೀ ತುಟಿಯಲ್ಲಿ ಆಡಿದಳು, ಅಪ್ಪ ಓದಿಕೊಂಡ, ಕಿವಿ ಚೆನ್ನಾಗಿದೆ ಕಣಯ್ಯಾ ಅಂದರು ಡಾಕ್ಟರು. ಕಿವಿ ಕೆಟ್ಟಿದೆ ಅಂತ ಗೊತ್ತಾಗಿದ್ದರೆ ಆಫೀಸಿನಲ್ಲಿ ನೀರು ತುಂಬಿಸುವ ಕೆಲಸ ಕೊಡುತ್ತಿದ್ದರು, ಅಷ್ಟೇ, ಯಾರೂ ಸಾಯುತ್ತಿರಲಿಲ್ಲ. ಆದರೆ ಅಪ್ಪ? ಹಳಿಯ ಮೇಲೆ ನಡೆದವನು ಬಿಂದಿಗೆ ಹೊರಬೇಕಾ, ನನ್ನ ಕೈಯಿದೆ ಕಣೇ, ಸುತ್ತಿಗೆಯ ಹಿಡಿಕೆ ಎಲ್ಲಾ ಅಂಗೈಗೆ ಹೇಳುತ್ತೆ ಅನ್ನುತ್ತಾನೆ. ಹೇಳುತ್ತದೆ, ಹೌದು, ಅವಳೂ ನಂಬಿದ್ದಾಳೆ, ನಂಬದೆ ದಿನಾ ಹಿಂದೆ ನಡೆಯುವುದು ಹೇಗೆ, ಠಣ್, ಠಣ್, ಬಿಸಿಲಿಗೆ ಹಳಿ ಬೆಳ್ಳಗೆ ಮಿಂಚುತ್ತದೆ, ಠಣ್, ಅಪ್ಪನ ಹಿಮ್ಮಡಿ ಎಷ್ಟು ಒಡೆದಿದೆ, ಎಣ್ಣೆ ಹಚ್ಚಬೇಕು, ಠಣ್ —

ದಬ್.

ಅಪ್ಪ ಮುಂದೆ ಹೋದ. ಅಪ್ಪ ಮುಂದೆಯೇ ಹೋಗುತ್ತಿದ್ದಾನೆ, ಅದೇ ನಡಿಗೆ, ಮುಂದಿನ ಕೊಂಡಿಗೆ ಠಣ್, ಅದರ ಮುಂದಿನದಕ್ಕೂ ಠಣ್, ಹಾಗಾದರೆ ತನಗೇ ತಪ್ಪಾಗಿ ಕೇಳಿಸಿತೇ, ಕಲ್ಲಿಗೆ ತಗುಲಿತೇ ಸುತ್ತಿಗೆ, ಅವಳು ಬೆಸುಗೆಯ ಹತ್ತಿರ ಬಗ್ಗಿದಳು, ಎಣ್ಣೆಯ ಮಸಿ, ತುಕ್ಕು, ಅದರ ನಡುವೆ ಒಂದು ಗೆರೆ, ಕೂದಲು ಅಂಟಿಕೊಂಡ ಹಾಗೆ, ಕೂದಲೇ ಆಗಿರಲಿ, ಉಗುರಿನಿಂದ ಕೆರೆದರೆ ಬಂದುಬಿಡಲಿ — ಕೆರೆದಳು. ಉಗುರು ಸಿಕ್ಕಿಕೊಂಡಿತು. ಕೈ ಹಿಂದಕ್ಕೆಳೆದುಕೊಂಡಳು, ಬಿಸಿ ಮುಟ್ಟಿದವಳ ಹಾಗೆ. ಇನ್ನು ಬೆಳಗಿನ ಪ್ಯಾಸೆಂಜರ್ ಬರುತ್ತದೆ, ಕಿಟಕಿಗೆ ಕೆನ್ನೆ ಒತ್ತಿದ ಮಕ್ಕಳು, ಮಗಳ ತಲೆ ಬಾಚುವ ಯಾವಳೋ ತಾಯಿ, ಬಾಗಿಲಲ್ಲಿ ಕಾಲು ಇಳಿಬಿಟ್ಟ ಹುಡುಗರು, ಒಮ್ಮೊಮ್ಮೆ ಅವಳಿಗೂ ಕೈ ಬೀಸುತ್ತಾರೆ, ಅವಳು ಬೀಸುವುದಿಲ್ಲ, ನಾಚಿಕೆ. ಅಪ್ಪಾ! ಎಂದಳು, ಅದೆಂಥ ಕೂಗು, ಬೇಲಿಯ ಮೇಲಿನ ಹಕ್ಕಿಯೂ ಏಳಲಿಲ್ಲ. ಚೀಲಕ್ಕೆ ಕೈ ಹಾಕಿ ಎಸೆದಳು, ಕಲ್ಲು ನೇರ ಬೆನ್ನಿನ ನಡುವಿಗೇ ಬಿತ್ತು, ಅಪ್ಪ ತಟ್ಟನೆ ಹಳಿ ಬಿಟ್ಟು ಪಕ್ಕಕ್ಕೆ ಸರಿದು ನಿಂತ, ಗಾಡಿಗೆ ದಾರಿ ಕೊಟ್ಟು, ತಿರುಗದೆ, ಹೇಳಿದ ಮಾತಿಗೆ ತಪ್ಪದೆ. ಗಾಡಿ ಬರಲಿಲ್ಲ. ಸ್ವಲ್ಪ ಹೊತ್ತು ಕಾದು ಮತ್ತೆ ಹಳಿಗೆ ಬಂದ. ಇನ್ನೊಂದು ಎಸೆದಳು, ಮತ್ತೆ ಸರಿದ, ಮತ್ತೆ ನಿಂತ. ಬಾ ಎನ್ನುವುದಕ್ಕೊಂದು ಕಲ್ಲು, ನಿಲ್ಲು ಎನ್ನುವುದಕ್ಕೊಂದು ಕಲ್ಲು ಯಾಕೆ ಮಾಡಿಕೊಳ್ಳಲಿಲ್ಲ, ಇರುವುದೊಂದೇ ಮಾತು, ಸರಿ ಪಕ್ಕಕ್ಕೆ, ಸರಿ ಪಕ್ಕಕ್ಕೆ, ಅಪ್ಪ ಉಳಿಯಲಿ ಅನ್ನುವುದಷ್ಟೇ ಹೊಳೆದಿತ್ತು ಇಬ್ಬರಿಗೂ.

ಓಡಿ ಹೋಗಿ ಎದುರಿಗೆ ನಿಂತಳು, ಎದುರಿಗೆ ಬರಬಾರದಿತ್ತು, ಅಪ್ಪನ ಹುಬ್ಬು ಗಂಟಾಯಿತು, ಬುದ್ಧಿಯಿಲ್ವಾ, ಯಾರಾದ್ರೂ ನೋಡಿದ್ರೆ? ಉಸಿರು ಹಿಡಿದು, ತುಟಿ ಅಗಲಿಸಿ, ಒಂದೊಂದೇ ಮಾತು, ಅಲ್ಲಿ, ಬೆಸುಗೆ, ದಬ್ ಅಂತು, ಬಿರುಕು ಬಿಟ್ಟಿದೆ. ಅಪ್ಪ ಓದಿದ. ಓದಿದ್ದು ಅವಳಿಗೆ ಗೊತ್ತಾಯಿತು, ಸುತ್ತಿಗೆ ಹಿಡಿದ ಬೆರಳುಗಳು ಒಂದು ಸಲ ಬಿಚ್ಚಿ ಮತ್ತೆ ಮುಚ್ಚಿದವು. ಇಲ್ಲ, ಎಂದ. ಇದ್ದಿದ್ರೆ ಕೈಗೆ ಗೊತ್ತಾಗ್ತಿತ್ತು. ನೀನು ನೋಡು ಬಾ ಅಪ್ಪ, ಉಗುರು ಸಿಕ್ಕಿಕೊಳ್ಳುತ್ತೆ. ಕೈಗೆ ಗೊತ್ತಾಗ್ತಿತ್ತು ಅಂದ್ನಲ್ಲ. ಬಾವುಟಕ್ಕೆ ಕೈ ಚಾಚಿದಳು, ಅಪ್ಪನ ತೋಳು ಬಿಗಿಯಾಯಿತು, ಎಳೆದಳು, ಈ ಮುದುಕನಿಗೆ ಇಷ್ಟು ಬಲ ಎಲ್ಲಿತ್ತು. ಅದನ್ನು ಬಿಚ್ಚಿದರೆ ಗಾಡಿ ನಿಲ್ಲುತ್ತದೆ, ಗಾಡಿ ನಿಂತರೆ ಮೇಸ್ತ್ರಿ ಬರುತ್ತಾನೆ, ಯಾರಯ್ಯಾ ಕಂಡುಹಿಡಿದಿದ್ದು, ನೀನೋ ಈ ಹುಡುಗಿಯೋ ಅನ್ನುತ್ತಾನೆ, ಆಮೇಲೆ ಅಪ್ಪನ ಹೆಸರು ಹಿಡಿದು ಹಿಂದಿನಿಂದ ಕರೆದು ನೋಡುತ್ತಾನೆ. ಅಪ್ಪನಿಗೆ ಅಷ್ಟೂ ಕಾಣುತ್ತಿದೆ, ಅಪ್ಪನಿಗೆ ಗಾಡಿಯೂ ಕಾಣುತ್ತಿರಬೇಕು, ಕಿಟಕಿಗಳೂ. ಅವಳು ಮತ್ತೆ ತುಟಿ ತೆರೆದಳು, ಅಪ್ಪ ಕಣ್ಣು ಮುಚ್ಚಿಕೊಂಡ. ಕಣ್ಣು ಮುಚ್ಚಿದರೆ ಅಪ್ಪ ಬಾಗಿಲು ಹಾಕಿದ ಮನೆ, ಹೊರಗೆ ನಿಂತವರು ಎಷ್ಟು ತಟ್ಟಿದರೂ ಅಷ್ಟೇ. ಚಪ್ಪಲಿಯ ಕೆಳಗೆ ಹಳಿ ಸಣ್ಣಗೆ ನಡುಗತೊಡಗಿತು, ಉಗುರು ಸಿಕ್ಕಿಕೊಂಡಿತು, ದೂರದಲ್ಲಿ ಗೇಟು ಬೀಳುವ ಗಂಟೆ, ಉಗುರು ಸಿಕ್ಕಿಕೊಂಡಿತು, ಕೂದಲಲ್ಲ, ಉಗುರು ಸಿಕ್ಕಿಕೊಂಡಿತು —

ಅಪ್ಪ, ಬಾವುಟ ಕೊಡು.