ಜೋಳದ ಡಬ್ಬಿಯಲ್ಲಿ

"ಲಗೂ ಮಾಡ ಯವ್ವಾ, ತಲಾಠಿ ಕೇರಿಯೊಳಗ ಬಂದಾನ."

ಮಗಳು ಕೋಮಲ ಬಾಗಿಲಲ್ಲಿ ನಿಂತು ಪಿಸುಗುಟ್ಟುವಾಗ ಗುಂಡವ್ವ ಯೇಸುವಿನ ಪಟವನ್ನು ಗೋಡೆಯಿಂದ ಇಳಿಸಿ ಎದೆಗೆ ಅವಚಿಕೊಂಡಿದ್ದಳು. ಟ್ರಂಕಿನಲ್ಲಿಟ್ಟರೆ ತೆಗೆಸಿ ನೋಡಿಯಾನು. ಜೋಳದ ಡಬ್ಬಿಯಲ್ಲಿ ಕಾಳು ಬಗೆದು, ಪಟವನ್ನು ಮುಖ ಮೇಲಾಗಿ ಮಲಗಿಸಿ, ಮತ್ತೆ ಕಾಳು ಎಳೆದಳು. ಪಟದ ಕಣ್ಣುಗಳನ್ನು ಮುಚ್ಚುವಾಗ ಕೈ ತಡೆಯಿತು.

ಕೋಮಲಳಿಗೆ ತಾಳಿಕೋಟೆಯ ಸರ್ಕಾರಿ ದವಾಖಾನೆಯಲ್ಲಿ ನರ್ಸ್ ನೌಕರಿ ಆಗಿತ್ತು. ಜಾತಿ ಪ್ರಮಾಣಪತ್ರದ ತನಿಖೆಯೊಂದು ಬಾಕಿ. ಕ್ರೈಸ್ತರಿಗೆ ಪರಿಶಿಷ್ಟ ಜಾತಿಯ ಮೀಸಲಾತಿ ಇಲ್ಲ. ಯೇಸುವನ್ನು ನಂಬಿ ಹನ್ನೆರಡು ವರ್ಷವಾದರೂ ಕನ್ನೊಳ್ಳಿಯಲ್ಲಿ ಯಾರೂ ಗುಂಡವ್ವನನ್ನು ಪಡಸಾಲೆಗೆ ಕರೆದಿರಲಿಲ್ಲ. ಕೇರಿ ಕೇರಿಯಾಗಿಯೇ ಇತ್ತು. ಕ್ರೈಸ್ತಳೆಂದು ಬರೆಸಿದರೆ ಕಾಗದದಲ್ಲಿ ಮಾತ್ರ ಅಳಿಸಿಹೋಗುತ್ತಿತ್ತು.

ಊರಿನ ಕಂದಾಯದ ಲೆಕ್ಕ ನೋಡುವ ತಲಾಠಿ ಬಸಂತರಾಯ ಹೊಸ್ತಿಲು ತುಳಿಯಲಿಲ್ಲ. ಕೋಮಲ ತಂದ ನೀರಿನ ತಂಬಿಗೆಯತ್ತ ನೋಡಲೂ ಇಲ್ಲ.

"ಐತವಾರ ಎಲ್ಲಿಗಿ ಹೋಗ್ತಿ?"

"ಕೂಲಿಗ್ರಿ."

"ಪ್ರಾರ್ಥನಿಗಿ ಹೋಗೂದಿಲ್ಲ?"

"ಇಲ್ರಿ."

"ಏಸುನ್ನ ನಂಬೂದಿಲ್ಲ?"

"ಅಂವ ಯಾರೋ ನನಗ ಗೊತ್ತಿಲ್ರಿ."

ಅವನು ಹೊರಗಿನಿಂದಲೇ ಕತ್ತು ಚಾಚಿದ. "ಗ್ವಾಡಿ ಮ್ಯಾಲ ಬೆಳ್ಳಗ ಚೌಕ ಕಾಣಸ್ತೈತಲ್ಲ, ಅದೇನು?"

"ನಮ್ಮ ಯಜಮಾನ್ರ ಫೋಟೋ ಇತ್ರಿ. ಗಲಾಸ ಒಡದೈತ್ರಿ."

ಬಸಂತರಾಯ ನಕ್ಕ. "ಸುಳ್ಳ ಹೇಳಾಕ ಬರೂದಿಲ್ಲಬೇ ನಿನಗ. ಇರ್ಲಿ, ಹಿಂದೂ ಅಂತ ಬರೀತೇನಿ." ಮಸಿಯ ಪ್ಯಾಡನ್ನು ನೆಲದ ಮೇಲಿಟ್ಟು ಹಿಂದೆ ಸರಿದ. ಗುಂಡವ್ವ ಬಾಗಿ ಹೆಬ್ಬಟ್ಟು ಒತ್ತಿದಳು. ಮುಟ್ಟಿಸಿಕೊಳ್ಳದವನೇ ಅವಳನ್ನು ತನ್ನ ಧರ್ಮಕ್ಕೆ ಸೇರಿಸಿ ಹೋದ.

ನೌಕರಿಯ ಆದೇಶ ಬಂದು ಕೋಮಲ ತಾಳಿಕೋಟೆಗೆ ಹೋದಳು. ಭಾನುವಾರ ಓಣಿಯ ತುದಿಯ ತಗಡಿನ ಪ್ರಾರ್ಥನಾ ಮನೆಯಲ್ಲಿ ಹಾಡು ಎದ್ದಿತು. ಗುಂಡವ್ವ ಸೀರೆ ಬದಲಿಸಿ, ಹೊಸ್ತಿಲಲ್ಲೇ ಕುಳಿತಳು. ಚಪ್ಪಾಳೆ ಕೇಳಿಸುವಾಗ ಅವಳ ಅಂಗೈಗಳು ಮಡಿಲಲ್ಲಿ ಸುಮ್ಮನಿದ್ದವು.

ಸಂಜೆ ಪಾಸ್ಟರ್ ರೇವಣಪ್ಪ ಬಂದ.

"ಯಾಕವಾ, ಬರ್ಲಿಲ್ಲ?"

"ಅಂವ ಗೊತ್ತಿಲ್ಲ ಅಂದೇನ್ರಿ. ಯಾ ಮಾರಿ ತಗೊಂಡು ಬರ್ಲಿ?"

"ನೀ ಅಂದ್ರ ಏನಾತು, ಅಂವ ನಿನ್ನ ಗೊತ್ತಿಲ್ಲ ಅನ್ನೂದಿಲ್ಲ. ದೇವರ ಪ್ರೀತಿಗಿ ಶರತ್ತ ಇಲ್ಲವಾ."

ಗುಂಡವ್ವನ ಕಣ್ಣು ತುಂಬಿತು. "ಹಂಗಾರ ಬರೂ ವಾರ ಬರ್ತೇನ್ರಿ."

ರೇವಣಪ್ಪ ಕೆಳಗೆ ನೋಡಿದ. "ಅದನ್ನ ಹೇಳಾಕ ಬಂದೇನಿ. ಸಭಾಕ ಬರಬ್ಯಾಡ. ಯಾರರ ಫೋಟೋ ಹೊಡದು ಕಳಿಸಿದ್ರ ಹುಡುಗಿ ನೌಕರಿ ಹೋಗ್ತೈತಿ. ಮತಾಂತರ ಮಾಡ್ಯಾನಂತ ನನ್ನೂ ಸುಮ್ಮ ಬಿಡೂದಿಲ್ಲ."

"ಎಷ್ಟ ದಿನಾರಿ?"

ಅವನು ಚಪ್ಪಲಿ ಮೆಟ್ಟಿಕೊಂಡ.

"ಆಕಿ ನೌಕರಿ ಮುಗಿಯೂತನ ಅನ್ರಿ. ಅಲ್ಲೀತನ ನಾ ಇರೂದಿಲ್ಲ ಬಿಡ್ರಿ." ಗುಂಡವ್ವ ಒಣ ನಗೆ ನಕ್ಕಳು. "ಅಂವಗ ಶರತ್ತ ಇಲ್ಲ. ಉಳದವರಿಗೆಲ್ಲಾ ಐತಿ."

ರೇವಣಪ್ಪ ಹೊರಟುಹೋದ. ಬೀಸಲಿಕ್ಕೆ ಕಾಳು ತೆಗೆಯಲು ಡಬ್ಬಿಗೆ ಕೈ ಹಾಕಿದಾಗ ಬೆರಳಿಗೆ ಗಾಜು ತಣ್ಣಗೆ ತಗುಲಿತು. ಬಗ್ಗಿ ನೋಡಿದಳು. ಸೆರಗಿನಿಂದ ಧೂಳು ಒರೆಸಿದಳು. ಗೋಡೆಯ ಬಿಳಿ ಚೌಕದತ್ತ ಒಮ್ಮೆ ತಿರುಗಿ, ಪಟವನ್ನು ಇದ್ದಲ್ಲೇ ಬಿಟ್ಟಳು.

ಈ ಸಲ ಮುಖದ ಮೇಲೆ ಕಾಳು ಎಳೆಯಲಿಲ್ಲ. ಮುಚ್ಚಳವನ್ನು ಬೆರಳಷ್ಟು ಸಂದಿ ಬಿಟ್ಟು ಇಟ್ಟು, ಒಲೆ ಹೊತ್ತಿಸಿದಳು.